ಮಾರಮ್ಮ ಬರೆಸಿದ ಕರಡಿಗಳು

ಗಂಡಸಿ ಕಡೆಯ ಆ ಕುರುಚಲು ಗುಡ್ಡಕ್ಕೆ ಬೇಲಿ ಬೀಳುವ ಮೊದಲು ಅದು ಮಾರಮ್ಮನಿಗೆ ಮನೆಯ ಹಿತ್ತಿಲಿದ್ದ ಹಾಗೆ. ಗೌರಿಹಬ್ಬ ಕಳೆದರೆ ಸಾಕು, ಬೆಳಿಗ್ಗೆಯೇ ಕುಕ್ಕೆ ಹಿಡಿದು ಹತ್ತಿ, ಕಣ್ಣು ಬಿಟ್ಟ ಸೀತಾಫಲ ಕಿತ್ತು ತಂದು ಹುಲ್ಲಿನಲ್ಲಿ ಮಾಗಿಸುತ್ತಿದ್ದಳು. ಮೂರನೇ ದಿನ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿ ಕಿಟಕಿಗೂ ಹಣ್ಣು ಚಾಚುತ್ತಿದ್ದಳು. ಆ ರುಚಿ ಈಗಿನ ಯಾವ ಹಣ್ಣಿಗೂ ಇಲ್ಲವೆಂದು ಅವಳ ವಾದ. ಅವಳೊಡನೆ ವಾದಕ್ಕಿಳಿದು ಗೆದ್ದವರೂ ಇಲ್ಲ.

ಗುಡ್ಡದಲ್ಲಿ ಕರಡಿಗಳಿದ್ದವು. ಹಣ್ಣು ಕೀಳುವ ಹೆಂಗಸರು ಪ್ರತಿ ಗಿಡದಲ್ಲೂ ನಾಲ್ಕು ಹಣ್ಣು ಕರಡಿ ಪಾಲೆಂದು ಬಿಟ್ಟು ಬರುತ್ತಿದ್ದರು.

ತೊಂಬತ್ತೇಳರಲ್ಲಿ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು, ಇಲ್ಲಿ ಎಷ್ಟು ಕರಡಿ ಇವೆಯೆಂದು ಕೇಳಿದರು. ಊರಿನ ಗಂಡಸರೆಲ್ಲ ತಲೆ ಕೆರೆದುಕೊಂಡರು. ಮಾರಮ್ಮ ಮುಂದೆ ಬಂದಳು. ಅವಳ ಮಟ್ಟಿಗೆ ಸರ್ಕಾರದವರು ಬರೆದುಕೊಳ್ಳುವುದೆಂದರೆ ರೇಷನ್ ಕಾರ್ಡಿಗೇ. ಹೆಸರು ಬಿಟ್ಟುಹೋದವರಿಗೆ ಅಕ್ಕಿ ಇಲ್ಲ.

"ಏಳು ಅಂತ ಬರ್ಕಳಿ ಸ್ವಾಮಿ. ದೊಡ್ಡವು ಐದು. ಬಂಡೆ ಸಂದೀಲಿ ಎರಡು ಮರಿ ಅವೆ, ಅವನ್ನೂ ಬಿಡಬ್ಯಾಡಿ" ಎಂದಳು. ಸಾಲದ್ದಕ್ಕೆ ಸಾಹೇಬರನ್ನು ಗುಡ್ಡ ಹತ್ತಿಸಿಕೊಂಡು ಹೋಗಿ ಕರಡಿಗಳ ಗವಿಯನ್ನೂ ತೋರಿಸಿದಳು.

ಮರುವರ್ಷ ಗುಡ್ಡ ಕರಡಿಗಳಿಗೆ ಮೀಸಲಾಯಿತು. ತಂತಿಬೇಲಿ, ಗೇಟು, ಬೋರ್ಡು ಬಂದವು. ಊರಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಕಾವಲಿಗೆ ಅದೇ ಊರಿನ ಸಣ್ಣಯ್ಯ ನಿಂತ. ಮಾರಮ್ಮನ ಜೊತೆ ಹಣ್ಣು ಕೀಳುತ್ತಿದ್ದ ಹುಚ್ಚಮ್ಮ ಅವಳೊಡನೆ ಒಂದು ವರ್ಷ ಮಾತು ಬಿಟ್ಟಳು.

"ಏಳು ಕರಡೀದೂ ಬರೆಸ್ದೆ, ನಮ್ಮದು ಬರೆಸೋದು ಮರ್ತೆ ಕಣೇ" ಎಂದು ಮಾರಮ್ಮ ಅವಳ ಬಾಗಿಲಿಗೇ ಹೋಗಿ ಹೇಳಿಕೊಂಡಳು. ಮುಂದೆ ರೈಲಿನ ಸದ್ದು ಕೇಳಿದಾಗಲೆಲ್ಲ ಅವಳಿಗೆ ಗುಡ್ಡ ನೆನಪಾಗುತ್ತಿತ್ತು. ಸಾಯುವ ಮೊದಲು ಒಮ್ಮೆಯಾದರೂ ಹತ್ತಬೇಕು ಎನ್ನುತ್ತಿದ್ದಳು.

ಏಳು ವರ್ಷ ಕಳೆದ ಮೇಲೆ ಸಣ್ಣಯ್ಯನಿಗೇ ಮನಸ್ಸು ಕರಗಿತು. "ಸಾಹೇಬ್ರು ಹಾಸನಕ್ಕೆ ಹೋಗವ್ರೆ. ಒಂದು ಗಳಿಗೆ ಹೋಗ್ಬಾ, ಮಾರಕ್ಕ" ಎಂದು ಗೇಟು ತೆರೆದ.

ಮಾರಮ್ಮ ಒಳಗೆ ಹೋದಳು. ಮೊದಲ ತಿರುವಿನಲ್ಲೇ, ಹಾಡಹಗಲಲ್ಲಿ, ಕಾಲುದಾರಿಯ ಪಕ್ಕದ ನೆರಳಿನಲ್ಲಿ ಒಂದು ತಾಯಿಕರಡಿ ಕಾಲು ಚಾಚಿ ಮಲಗಿತ್ತು. ಮರಿ ಅದರ ಬೆನ್ನ ಮೇಲೆ ನಿದ್ದೆಹೋಗಿತ್ತು. ಅವಳು ಸದ್ದು ಮಾಡದೆ ಹಿಂದಕ್ಕೆ ಬಂದಳು.

"ಯಾಕಕ್ಕ, ಇಷ್ಟು ಬೇಗ?"

"ನಾವು ಹಣ್ಣಿಗೆ ಬರ್ತಿದ್ದಾಗ ಕರಡಿಗಳು ಓಡೋದೇ ಕಂಡಿದ್ದೆ ಕಣೋ. ಹಿಂಗೆ ನೆಮ್ಮದೀಲಿ ಮಲ್ಗಿದ್ದು ಇವತ್ತೇ ನೋಡಿದ್ದು. ಅವಕ್ಕೆ ಎಚ್ಚರ ಆಗ್ದಂಗೆ ಮೆಲ್ಲಗೆ ಬೀಗ ಹಾಕು."

ಮನೆ ಸೇರುವವರೆಗೂ ಅವಳು ಅಳುತ್ತಲೇ ನಡೆದಳು.