ನಂಜುಂಡನ ದೀಪಗಳು

ನಂಜುಂಡ ಮಾಡಿಕೊಡುತ್ತಿದ್ದ ಮದುವೆ ವಿಡಿಯೋಗಳಲ್ಲಿ ದೀಪ ಆರುತ್ತಿರಲಿಲ್ಲ. ಛತ್ರದ ಫ್ಯಾನು ಗಿರ್ರನೆ ತಿರುಗುತ್ತದೆ, ಧಾರೆಯ ಹೊತ್ತಿಗೆ ಯಾರದೋ ಸೆರಗು ಬೀಸಿ ದೀಪ ಆರಿಯೇ ಆರುತ್ತದೆ. ಆದರೆ ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಅವನ ಸ್ಟುಡಿಯೋದಿಂದ ಹೊರಬಿದ್ದ ಒಂದೇ ಒಂದು ಮದುವೆಯಲ್ಲೂ ಅದು ಕಾಣುತ್ತಿರಲಿಲ್ಲ. ದೀಪ ಆರಿದ್ದು, ಯಾರೋ ಸೀನಿದ್ದು, ಅಕ್ಷತೆಯ ತಟ್ಟೆ ಕೈಜಾರಿದ್ದು, ಎಲ್ಲಕ್ಕೂ ಕತ್ತರಿ. “ಮದ್ವೆ ದಿನ ಏನಾಯ್ತೋ ಅದು ದೇವ್ರಿಗೆ ಗೊತ್ತು ಮಿಸ್,” ಅನ್ನುತ್ತಿದ್ದ. “ವಿಡಿಯೋದಾಗೆ ಏನಾಯ್ತದೆ ಅನ್ನೋದು ನನ್ ಕೈಯಾಗದೆ.”

ಎಂಟನೇ ಕ್ಲಾಸಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವನು ಅವನು. ಅವನಿಗೆ ಐವತ್ತು ದಾಟಿದ ಮೇಲೂ ನಾನು ಮಿಸ್ಸೇ. ಪ್ರತಿ ಮದುವೆಯೂ ಪಾರ್ಟಿಯ ಕೈ ಸೇರುವ ಮುಂಚೆ ನನ್ನ ಕಣ್ಣೆದುರು ಓಡಬೇಕು, ಅದು ಅವನ ರೂಲ್. ರಿಟೈರ್ ಆದ ನನಗೂ ಬೇರೆ ಏನು ಎಂಗೇಜ್‌ಮೆಂಟ್? ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಊರವರ ಮದುವೆಗಳನ್ನೆಲ್ಲ ನೋಡಿದೆ. ಮುಗಿದ ಕೂಡಲೇ ಉತ್ತರಪತ್ರಿಕೆ ಕೊಟ್ಟ ಹುಡುಗನ ಹಾಗೆ ಕೇಳುತ್ತಿದ್ದ: “ಪಾಸಾ ಮಿಸ್?”

ಆಮೇಲೆ ಆ ದೊಡ್ಡ ಮಾನಿಟರ್ ಬಂತು. ಫೋರ್ ಕೆ. ಚಿತ್ರವೇನೋ ವಂಡರ್‌ಫುಲ್, ಹೆಣ್ಣಿನ ಮೂಗುತಿಯ ಹರಳು ಎಣಿಸಬಹುದಿತ್ತು. ಆದರೆ ಅವನ ಹಳೆಯ ಎಡಿಟಿಂಗ್ ಸಾಫ್ಟ್‌ವೇರಿಗೆ ಅಷ್ಟು ದೊಡ್ಡ ಪರದೆಯ ಅಭ್ಯಾಸವಿರಲಿಲ್ಲ. ಮೆನುವಿನ ಅಕ್ಷರಗಳೆಲ್ಲ ಕುಗ್ಗಿಹೋದವು. ನಾನು ನಂಬಲಿಲ್ಲವೆಂದು ಮನೆಯಿಂದ ಒಂದು ರಾಗಿ ಕಾಳು ತಂದು ಪರದೆಗೆ ಒತ್ತಿ ಹಿಡಿದ. ಅಕ್ಷರಕ್ಕಿಂತ ಕಾಳೇ ದೊಡ್ಡದು. ಅಕ್ಷರ ಹಿಗ್ಗಿಸುವ ಸ್ಕೇಲಿಂಗನ್ನು ಇನ್ನೂರು ಪರ್ಸೆಂಟ್ ಮಾಡಿದರೆ ಅಕ್ಷರ ಉಬ್ಬಿ, ಬಲಗಡೆಯ ಬಟನ್‌ಗಳು ಪರದೆಯಿಂದ ಆಚೆ ಹೋಗುತ್ತಿದ್ದವು. “ಚಿಕ್ಕೋನ್ಗೆ ದೊಡ್ಡೋನ ಅಂಗಿ ಆಕ್ದಂಗೆ ಮಿಸ್, ತೋಳೆಲ್ಲ ಆಚ್ಗೆ,” ಎಂದು ನಕ್ಕ.

ಒಂದು ವಾರ ಇಬ್ಬರೂ ಅದರ ಬೆನ್ನು ಹತ್ತಿದೆವು. ಸೆಟ್ಟಿಂಗ್ಸ್‌ನ ಇಂಗ್ಲಿಷನ್ನು ನಾನು ಓದಿ ಹೇಳುವುದು, ಅವನು ಒತ್ತುವುದು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚುವುದು. ಸ್ಕೇಲಿಂಗಿನ ಯಜಮಾನಿಕೆಯನ್ನು ಸಾಫ್ಟ್‌ವೇರಿನ ಕೈಯಿಂದ ಕಿತ್ತು ವಿಂಡೋಸ್‌ಗೆ ಕೊಟ್ಟು, ನೂರೈವತ್ತು ಪರ್ಸೆಂಟಿಗೆ ನಿಲ್ಲಿಸಿದಾಗ ಎಲ್ಲವೂ ಸರಿಯಾಗಿ ಕೂತುಕೊಂಡಿತು. ಬಲ ಅಂಚಿನ ಕೊನೆಯ ಬಟನ್ನಿನವರೆಗೂ ನಾನೇ ಬೆರಳಿಟ್ಟು ನೋಡಿದೆ. ಅವನು ನನಗೆ ಮದ್ದೂರು ವಡೆ ತರಿಸಿಕೊಟ್ಟ.

ಹಾಗಿದ್ದರೂ ಅವನ ಗೊಣಗಾಟ ನಿಲ್ಲಲಿಲ್ಲ. ಪರದೆಯ ಅಂಚು ಕತ್ತರಿಸಿ ಹೋಗುತ್ತಿದೆ ಅಂತಲೇ ಹೇಳುತ್ತಿದ್ದ. ಮೇಜಿನ ತುದಿಯ ಕಾಫಿ ಲೋಟಕ್ಕೆ ಅವನ ಮೊಣಕೈ ತಾಗಿ ಎರಡು ಸಲ ಉರುಳಿತು. ಸ್ಟುಡಿಯೋ ಮುಂದಿನ ಕಂಬಕ್ಕೆ ಅವನ ಸ್ಕೂಟರಿನ ಮೈ ಉಜ್ಜಿ ನೀಲಿ ಬಣ್ಣ ಮೆತ್ತಿತ್ತು. ನಾನು ಅದನ್ನೆಲ್ಲ ನೋಡಿದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಟ್ಟೆಮಳಲವಾಡಿಯ ಒಂದು ಮದುವೆ. ಮಧ್ಯಾಹ್ನ, ಎಂದಿನಂತೆ ನಾನು ಪಕ್ಕದಲ್ಲಿ. ಪರದೆಯ ನಡುವೆ ಧಾರೆ, ಬಲ ಅಂಚಿನಲ್ಲಿ ಎತ್ತರದ ಹಿತ್ತಾಳೆ ದೀಪ. ಜ್ವಾಲೆ ಒಮ್ಮೆ ಮಲಗಿತು, ಎದ್ದಿತು, ಆರಿತು. ಒಂದು ಎಳೆ ಹೊಗೆ ಮೇಲೆದ್ದು ಹೆಣ್ಣಿನ ತಾಯಿಯ ಮುಖದ ಮುಂದೆ ಹಾದುಹೋಯಿತು. ಕತ್ತರಿ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಅವನು ನೇರ ನೋಡುತ್ತಾ, ಖುಷಿಯಲ್ಲಿ, “ಪಾಸಾ ಮಿಸ್?” ಎಂದ.

“ಬಲಗಡೆ ದೀಪ ನೋಡೋ,” ಅಂದೆ.

ಅವನು ಗೂಬೆಯ ಹಾಗೆ ಇಡೀ ಕತ್ತನ್ನು ತಿರುಗಿಸಿದ. ಆಗ ಕಂಡಿತು. ಮುಖ ಬಿಳಚಿಕೊಂಡಿತು.

 ಹಾಗೆ ಕತ್ತು ತಿರುಗಿಸುವುದನ್ನು ನಾನು ಮೊದಲೇ ನಮ್ಮ ಅಪ್ಪಾಜಿಯಲ್ಲಿ ಕಂಡಿದ್ದೆ. ಅವರು ಊಟದ ಎಲೆಯ ಅಂಚಿನ ಪಲ್ಯ ಮುಟ್ಟದೆ ಏಳಹೋಗುತ್ತಿದ್ದರು, ಅಮ್ಮ ಎಲೆಯನ್ನು ತಿರುಗಿಸಿ ಇಡುತ್ತಿದ್ದಳು. ಗ್ಲಾಕೋಮಾ, ಕಣ್ಣಿನ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ನೋಟವನ್ನು ಅಂಚಿನಿಂದ ಒಳಗೆ ಮೆಲ್ಲಗೆ ತಿನ್ನುತ್ತಾ ಬರುತ್ತದೆ. ತಿಂದದ್ದನ್ನು ಹಿಂದಕ್ಕೆ ಕೊಡುವುದಿಲ್ಲ.

“ಈ ಸ್ಕೇಲಿಂಗು ಅಂಚ ನುಂಗ್ತಾ ಅದೆ ಮಿಸ್. ಅಲ್ವಾ?” ನಂಜುಂಡ ನನ್ನ ಮುಖವನ್ನೇ ನೋಡುತ್ತಿದ್ದ. ಉತ್ತರ ಯಾವುದು ಬೇಕು ಎಂದು ಆ ಕಣ್ಣಿನಲ್ಲಿ ಬರೆದಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ವೈಟ್ ಲೈ ಅಂದರೆ ಒಗೆದ ಬಟ್ಟೆ ಹಾಕಿಕೊಂಡ ಸುಳ್ಳು, ಅಷ್ಟೆ. ಕಾಮಾ ತಪ್ಪಿದರೂ ಇಡೀ ಕ್ಲಾಸಿನ ಮುಂದೆ ಹೇಳುತ್ತಿದ್ದ ನಾನು ಅವತ್ತು, “ಹೌದು ಕಣೋ, ಸ್ಕೇಲಿಂಗೇ ಇರಬೇಕು,” ಅಂದೆ.

ಆಮೇಲೆ ನಾನೇ ಅವನ ಅಂಚಾದೆ. ಅವನು ನಡುವನ್ನು ನೋಡುವುದು, ನಾನು ಬದಿಗಳನ್ನು. ನಾಳೆ ಹೇಳೋಣ, ಈ ಮದುವೆ ಮುಗಿಯಲಿ, ಹೊಗೆಸೊಪ್ಪಿನ ಸೀಸನ್ ಕಳೆಯಲಿ ಅಂದುಕೊಂಡೆ. ಹೀಗೆ ಏಳೆಂಟು ತಿಂಗಳು. ಅಷ್ಟರಲ್ಲಿ ನನ್ನ ಮಂಡಿ ಆಪರೇಷನ್ನಿಗೆಂದು ಮೈಸೂರಿಗೆ ಹೋದೆ, ಎರಡು ತಿಂಗಳು ಅಲ್ಲೇ ಉಳಿದೆ.

ಆ ಎರಡು ತಿಂಗಳಲ್ಲಿ ಪಿರಿಯಾಪಟ್ಟಣದ ಒಂದು ಮದುವೆ ನಾನಿಲ್ಲದೆ ಪಾಸಾಯಿತು. ಹೆಣ್ಣಿನ ತಂದೆ ಬಂದು ವಿಡಿಯೋದ ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟು ಹಾಗೇ ಹೊರಟುಹೋದನಂತೆ. ನಂಜುಂಡ ಅದನ್ನು ಹಾಕಿ, ಕತ್ತು ಹೊರಳಿಸಿ ಹೊರಳಿಸಿ ಮೂರು ಸಲ ನೋಡಿದನಂತೆ. ಎಡ ಅಂಚಿನಲ್ಲಿ, ತಾಳಿ ಕಟ್ಟುವ ಹೊತ್ತಿಗೇ, ದೀಪ ಆರಿತ್ತು. ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದ. ಉಳಿದದ್ದನ್ನು ಉಳಿಸಲು ನೋಡೋಣ, ವರ್ಷದ ಹಿಂದೆ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರಂತೆ ಡಾಕ್ಟರು.

ನಾನು ಕೋಲೂರಿಕೊಂಡು ಸ್ಟುಡಿಯೋಗೆ ಹೋದಾಗ ಅವನು ವೈರುಗಳನ್ನು ಸುತ್ತಿಡುತ್ತಿದ್ದ. ಸ್ಟುಡಿಯೋ ಮುಚ್ಚಿ ಎಚ್.ಡಿ. ಕೋಟೆಗೆ, ತಂಗಿಯ ಮನೆಗೆ ಹೊರಟಿದ್ದ. ಮಾನಿಟರ್ ಇನ್ನೂ ಬಿಚ್ಚಿರಲಿಲ್ಲ. ನನ್ನನ್ನು ಕೂರಿಸಿ, ಅದನ್ನು ಹಚ್ಚಿದ. ಸಾಫ್ಟ್‌ವೇರ್ ತೆರೆದುಕೊಂಡಿತು.

“ಅಂಚು ಪೂರ್ತಿ ಕಾಣ್ತದಾ ಮಿಸ್?”

“ಕಾಣುತ್ತೆ.”

“ಕಟ್ಟೆಮಳಲವಾಡಿ ಮದ್ವೆ ದಿನಾನೂ ಕಾಣ್ತಿತ್ತಾ?”

ಬಸ್ ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸಿನವನು ಕೂಗುತ್ತಿದ್ದ. “ಕಾಣ್ತಿತ್ತು ಕಣೋ,” ಅಂದೆ. ಅಪ್ಪಾಜಿಯ ವಿಷಯವನ್ನೂ ಹೇಳಿದೆ.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಕೈಯಲ್ಲಿದ್ದ ವೈರನ್ನು ಇನ್ನೊಂದು ಸುತ್ತು ಸುತ್ತಿ, ನನ್ನ ಕಡೆಗೆ ಇಡೀ ಮೈ ತಿರುಗಿಸಿ ಹೇಳಿದ: “ಬುಡಿ ಮಿಸ್. ದೀಪ ಆರಿದ್ದ ಕಂಡ್ರೆ ನಾನು ಕತ್ತರಿಸ್ತಿದ್ದೆ. ನೀವೂ ಅದ್ನೇ ಮಾಡುದ್ರಿ.”

ಬಾಗಿಲಿನವರೆಗೂ ಬಂದ. ಮೆಟ್ಟಿಲು ಇಳಿಯುವಾಗ ನನ್ನ ಕೋಲು ಹಿಡಿಯಲು ಕೈ ಚಾಚಿದ. ಕೋಲು ಅವನ ಕೈಯ ಬದಿಗೇ ಇತ್ತು, ಸಿಗಲಿಲ್ಲ.

ಅವನನ್ನು ನೋಡಿದ್ದು ಅದೇ ಕೊನೆ. ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಕಂಬದ ಮೇಲೆ ಅವನ ಸ್ಕೂಟರಿನ ನೀಲಿ ಗೀರು ಹಾಗೇ ಇದೆ, ದಾರಿಯಲ್ಲಿ ಹೋಗುವ ಯಾರಿಗಾದರೂ ಕಾಣುವಷ್ಟು ದೊಡ್ಡದಾಗಿ.