ಗೋಬ್ರ ಮೀನೂ ಬೋರಲು ಗಡಿಗೆಯೂ

ನಮ್ಮ ಅತ್ತೆಯ ಅಡುಗೆಮನೆಯಲ್ಲಿ ಮೀನಿಗೆಂದೇ ಒಂದು ಮಣ್ಣಿನ ಗಡಿಗೆ ಇತ್ತು. ಅದರ ಕಂಠದ ಕೆಳಗೆ ಯಾರೋ ಹೆಬ್ಬೆರಳು ಒತ್ತಿದ ಗುರುತು. ಮಳೆಗಾಲ ಹಿಡಿದು ಊರ ಪಕ್ಕದ ಡ್ಯಾಮಿಗೆ ಹೊಸ ಕೆಂಪು ನೀರು ಬಂತೆಂದು ಕೇಳಿದ ದಿನವೇ ಅತ್ತೆ ಅದನ್ನು ತೊಳೆದು, ಬಿಸಿಲಿಗಿಟ್ಟು, ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ಬೋರಲು ಹಾಕಿಬಿಡುತ್ತಿದ್ದರು. ದೀಪಾವಳಿ ಕಳೆದು ನೀರು ತಿಳಿಯಾಗುವವರೆಗೆ ಮನೆಯಲ್ಲಿ ಮೀನಿಲ್ಲ.

ಮೊದಲ ವರ್ಷ ನಾನು ಯಾಕೆಂದು ಕೇಳಿದ್ದೆ.

"ಮೀನ ತವರಿಗೆ ಹೊಂಟಿರ್ತಾವ ಯವ್ವಾ, ಬಾಣಂತನಕ್ಕ. ಹೊಟ್ಟಿ ತುಂಬ ತತ್ತಿ ಹೊತ್ಕೊಂಡು ನೀರಿಗೆ ಎದುರ ಈಸ್ತಾವ. ದಾರ್ಯಾಗ ಅಡ್ಡಗಟ್ಟಿ ಸಾರು ಮಾಡಿದ್ರ ಮುಂದಿನ ವರ್ಷ ಏನು, ಮಣ್ಣು ತಿಂತೀವೇನು?"

ತೊಂಬತ್ತೇಳರಲ್ಲಿ ಮದುವೆಯಾಗಿ ನಾನು ಮುನಿರಾಬಾದಿನ ಕಾಲೊನಿಗೆ ಬಂದವಳು. ನಮ್ಮವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ನನ್ನ ತವರು ಅಂಕೋಲೆಯ ಕಡಲ ದಂಡೆ. ಅಪ್ಪನಿಗೆ ಒಂದು ದೋಣಿ ಇತ್ತು. ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದ್ದು ಆ ದೋಣಿಯೇ. ಮದುವೆಯಾಗಿ ಹೊರಟಾಗ ಅಪ್ಪ ಅತ್ತದ್ದು ನಾನು ದೂರ ಹೋಗುತ್ತೇನೆಂದಲ್ಲ. "ಕಲ್ಲಿನ ಸೀಮೆಗೆ ಕೊಟ್ಟೆನಲ್ಲ, ಇವಳು ಅಲ್ಲಿ ತಿನ್ನುವುದೇನು?" ಎಂದು. ಆ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಪ್ಪ ಒಮ್ಮೆ ನನ್ನ ಮನೆಗೆ ಬಂದು, ಹೊಟ್ಟೆ ತುಂಬ ಉಂಡು, "ಮಗಳು ಸುಖವಾಗಿದ್ದಾಳೆ" ಎಂದುಕೊಂಡು ಹೋಗಬೇಕು. ನನಗೆ ಬೇಕಿದ್ದುದು ಅಷ್ಟೇ.

ಮರುವರ್ಷದ ಮಳೆಗಾಲದಲ್ಲಿ, ನನಗೆ ಏಳು ತಿಂಗಳಾದಾಗ, ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯಲು ಅಪ್ಪ ಬರುವರೆಂದು ಕಾಗದ ಬಂತು. ಗೂಡಿನಲ್ಲಿ ಗಡಿಗೆ ಆಗಲೇ ಬೋರಲಾಗಿತ್ತು.

ನಾನು ನನಗೆ ನಾನೇ ಒಂದು ನ್ಯಾಯ ಹೇಳಿಕೊಂಡೆ. ಅತ್ತೆಯ ಕಟ್ಟಳೆ ಹೊಳೆ ಮೀನಿಗೆ. ಸಮುದ್ರದ ಮೀನಿಗೆ ಅದು ಯಾಕೆ ಬೇಕು? ಅಪ್ಪನಿಗೆ ಪ್ರಾಣವೆಂದರೆ ಗೋಬ್ರ. ಕಡಲೊಳಗಿನ ಬಂಡೆಯ ಸಂದಿಯಲ್ಲಿ ಇರುವ, ಅಗಲ ಬಾಯಿಯ, ಮೈತುಂಬ ಚುಕ್ಕೆಯ ಮೀನು. ದೋಣಿಗಳು ದಡ ಹತ್ತಿದ ಮಳೆಗಾಲದಲ್ಲೂ ಯಾರಾದರೂ ಬಂಡೆಯ ಮೇಲೆ ಕೂತು ಗಾಳ ಹಾಕಿ ಅದನ್ನು ಹಿಡಿಯುತ್ತಾರೆ. ಹೊಸಪೇಟೆಯಿಂದ ಅದಿರು ಹೊತ್ತು ಕಡಲ ಕಡೆಗೆ ಹೋಗುವ ಲಾರಿಯ ಡ್ರೈವರ್ ಒಬ್ಬರು ನಮ್ಮವರಿಗೆ ಗುರುತು. ಸಿಸ್ಟರುಗಳು ತಿದ್ದಿಸಿದ ದುಂಡನೆಯ ಅಕ್ಷರದಲ್ಲಿ ಚೀಟಿ ಬರೆದು ಕೊಟ್ಟೆ: "ಗೋಬ್ರ ಒಂದು. ಆದಷ್ಟು ದೊಡ್ಡದು." 'ಆದಷ್ಟು ದೊಡ್ಡದು' ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ.

ಅಪ್ಪ ಬಂದ ಮರುದಿನ ಬೆಳಿಗ್ಗೆ ಲಾರಿ ಬಂತು. ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಮೀನು ತೊಟ್ಟಿಲ ಕೂಸಿನಷ್ಟು ಉದ್ದ ಮಲಗಿತ್ತು.

"ಶಿವನ! ಇದೇನು ಮೀನೋ ಮೊಸಳಿ ಮರಿಯೋ?" ಎಂದರು ಅತ್ತೆ. ಬೇಡವೆನ್ನಲಿಲ್ಲ. ಬೀಗರ ಮುಂದೆ ಸೊಸೆಯ ಮಾತು ತೆಗೆದುಹಾಕುವವರಲ್ಲ ಅವರು. ಆದರೆ ಗಡಿಗೆಯ ಕಡೆ ಒಮ್ಮೆ ನೋಡಿದರು. ನಾನೂ ನೋಡಿದೆ.

ಅಪ್ಪ ಲುಂಗಿ ಮೇಲೆತ್ತಿ ಕಟ್ಟಿ ಹಿತ್ತಲ ಕಲ್ಲಿನ ಮೇಲೆ ಮೀನು ಕೊಯ್ಯಲು ಕೂತರು. ಹೊಟ್ಟೆ ಸೀಳಿದವರು ಕೈ ನಿಲ್ಲಿಸಿದರು. ಒಳಗೆ ಎರಡು ಉದ್ದನೆಯ ಚೀಲಗಳು, ಅರಿಸಿನದ ಬಣ್ಣ, ತುಂಬ ಮೊಟ್ಟೆ.

ನನ್ನ ಕೈ ತಾನಾಗಿ ನನ್ನ ಹೊಟ್ಟೆಯ ಮೇಲೆ ಹೋಯಿತು. ಕಣ್ಣು ತುಂಬಿತು. ಅಪ್ಪನಿಗೆ ಒಂದು ಸುಖದ ಊಟ ಹಾಕಬೇಕೆಂದು ಹೊರಟು ಮಾಡಿದ್ದು ಇದು.

"ನೀನು ತರಿಸಿದ್ದಾ ಮಗಾ?" ಎಂದರು ಅಪ್ಪ.

"ನಿಮಗೆ ಇಷ್ಟ ಅಂತ..."

"ಇಷ್ಟವೇ. ಆದರೆ ನಿನ್ನ ಮದುವೆಯಾದ ಮೇಲೆ ತಿನ್ನುವುದು ಬಿಟ್ಟೆ. ನಿನಗೆ ಹೇಳಿರಲಿಲ್ಲ." ಅಪ್ಪ ಚೂರಿ ಕೆಳಗಿಟ್ಟರು. "ನಮ್ಮ ಬಂಡೆಗೆ ಇವು ಮೊಟ್ಟೆಯಿಡಲು ಒಟ್ಟಾಗಿ ಬರುವ ದಿನ ನಮಗೆ ಗೊತ್ತಿತ್ತು. ಎರಡು ಮೂರು ವರ್ಷ ದೋಣಿ ತುಂಬ ಹಿಡಿದೆವು. ಹಬ್ಬವೇ ಹಬ್ಬ. ಆಮೇಲೆ ಗಾಳ ಹಾಕಿದರೆ ಬರೀ ಕಲ್ಲು. ಇದು ನಿಧಾನ ಬೆಳೆಯುವ ಜಾತಿ ಅಕ್ಕಾ," ಎಂದು ಅತ್ತೆಯ ಕಡೆ ತಿರುಗಿದರು. "ಹುಟ್ಟುವಾಗ ಹೆಣ್ಣು. ವಯಸ್ಸಾಗಿ ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ದೊಡ್ಡದನ್ನೆಲ್ಲ ಹಿಡಿದರೆ ಗಂಡಿಲ್ಲ, ಸಣ್ಣದನ್ನೆಲ್ಲ ಹಿಡಿದರೆ ಹೆಣ್ಣಿಲ್ಲ. ನಾವು ಎರಡನ್ನೂ ಬಿಡಲಿಲ್ಲ."

ಅತ್ತೆ ಸೆರಗು ಬಾಯಿಗೆ ಒತ್ತಿ ಕೂತಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ. ನಗು ತಡೆಯುತ್ತಿದ್ದರು!

"ಅಯ್ಯ ಬೀಗರ, ಖರೇನ? ಹೆಣ್ಣಾಗಿ ಹುಟ್ಟಿ, ವಯಸ್ಸಾದ ಮ್ಯಾಲ ಗಂಡಾಗತೈತಿ? ನನಗೂ ಎರಡು ಮೀಸಿ ಕೂದಲಾ ಮೂಡ್ಯಾವ ನೋಡ್ರಿ. ನಾಳಿಂದ ನಾನಽ ಆಫೀಸಿಗೆ ಹೋಗ್ತೀನಿ, ನನ್ನ ಮಗ ರೊಟ್ಟಿ ಬಡೀಲಿ!"

ಅಪ್ಪ ಕಲ್ಲಿನ ಮೇಲೆ ಕೂತಲ್ಲೇ ಬಿದ್ದು ಬಿದ್ದು ನಕ್ಕರು. ಅಳುತ್ತಿದ್ದ ನನಗೂ ನಗು ಬಂತು, ಮೂಗು ಸೋರುತ್ತಿರುವಾಗಲೇ.

ಸತ್ತ ಜೀವವನ್ನು ಎಸೆಯುವುದು ಇನ್ನೂ ದೊಡ್ಡ ತಪ್ಪು ಎಂದರು ಅಪ್ಪ. ಒಂದೇ ಅಳತೆಯ ತುಂಡು ಮಾಡಿದರು. ಕಾಲೊನಿಯ ನಮ್ಮ ಸಾಲಿನಲ್ಲಿ ಮೀನು ತಿನ್ನುವ ಮನೆಗಳಿಗೆಲ್ಲ ನಾನು ಹಂಚಿ ಬಂದೆ. ನಮ್ಮ ಮನೆಯಲ್ಲಿ ಗಡಿಗೆ ಬೋರಲಾಗಿಯೇ ಇತ್ತು. ಆ ಮಧ್ಯಾಹ್ನ ಅಪ್ಪನಿಗೆ ಸಿಕ್ಕಿದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೂರು ರೊಟ್ಟಿ ತಿಂದರು. ಪುಂಡಿಸೊಪ್ಪಿನ ಹುಳಿಗೆ ಒಂದು ಕಣ್ಣು ಮುಚ್ಚಿದರು. ಆದರೂ ಅದು ನಾನು ಬಯಸಿದ್ದ ಊಟವಲ್ಲ.

ಸೆಪ್ಟೆಂಬರಿನಲ್ಲಿ ಅಂಕೋಲೆಯಲ್ಲಿ ಮಗಳು ಹುಟ್ಟಿದಳು. ಅವಳಿಗೆ ಮೂರು ತಿಂಗಳು ತುಂಬಿದಾಗ ಅಪ್ಪನೇ ನಮ್ಮಿಬ್ಬರನ್ನೂ ಮುನಿರಾಬಾದಿಗೆ ಕರೆತಂದರು. ಒಳಗೆ ಕಾಲಿಟ್ಟವಳೇ ಗೂಡು ನೋಡಿದೆ. ಖಾಲಿ. ಗಡಿಗೆ ಒಲೆಯ ಮೇಲಿತ್ತು.

ಅತ್ತೆ ಡ್ಯಾಮಿನ ದೊಡ್ಡ ಮೀನು ತಂದು, ಹುಣಸೆಹುಳಿ, ಒಣಕೊಬ್ಬರಿ, ಹುರಿದ ಎಳ್ಳು ಹಾಕಿ ಸಾರು ಮಾಡಿದ್ದರು. ಅಪ್ಪ ಮೊದಲ ತುತ್ತಿಗೆ ತಲೆಯೆತ್ತಲಿಲ್ಲ. ಎರಡನೆಯದಕ್ಕೂ ಇಲ್ಲ. ಮುಳ್ಳುಗಳನ್ನು ಒಂದೊಂದಾಗಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು, ನಾನು ಸಣ್ಣವಳಿದ್ದಾಗ ಇಡುತ್ತಿದ್ದ ಹಾಗೆಯೇ.

"ಹೆಂಗೈತ್ರಿ ಬೀಗರ? ನಮ್ಮ ನೀರಾಗ ಉಪ್ಪಿಲ್ಲ ಮತ್ತ."

"ಉಪ್ಪು ನೀವು ಹಾಕಿದ್ದೀರಲ್ಲ ಅಕ್ಕಾ. ಇನ್ನೊಂದು ಸೌಟು ಬಿಡಿ." ಆಮೇಲೆ ನನ್ನ ಕಡೆ ನೋಡಿ, ಮೆಲ್ಲಗೆ: "ನಾನು ಸುಮ್ಮನೆ ಕಣ್ಣೀರು ಹಾಕಿದೆ ಮಾರಾಯ್ತಿ, ನಿನ್ನ ಮದುವೆಯಲ್ಲಿ."

ಹೊರಡುವ ದಿನ ಅಪ್ಪ ಒಂದು ಗಡಿಗೆ ಬೇಕೆಂದರು. ಅತ್ತೆ ಕೊಪ್ಪಳದ ಸಂತೆಯಿಂದ ಹೊಸದನ್ನೇ ತರಿಸಿಕೊಟ್ಟರು. ನಾನು ಕೂಸನ್ನೆತ್ತಿಕೊಂಡು ಬಸ್ಸಿನವರೆಗೆ ಹೋದೆ. ಅಪ್ಪ ಕಿಟಕಿಯ ಪಕ್ಕ, ಗಡಿಗೆ ಅವರ ತೊಡೆಯ ಮೇಲೆ.

"ಗಡಿಗ್ಯಾಗ ಏನೈತ್ರಿ ಯಜಮಾನ್ರ? ತುಪ್ಪೇನ್ರಿ?" ಕಂಡಕ್ಟರ್ ಕೇಳಿದ.

"ಏನೂ ಇಲ್ಲ," ಎಂದರು ಅಪ್ಪ, ಅದನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು. "ಬೋರಲು ಹಾಕಲಿಕ್ಕೇ ಒಯ್ಯುತ್ತಿದ್ದೇನೆ."