ಗೌಡರು ಲಾಗೌಟ್ ಆಗಿರಲಿಲ್ಲ

ಪೀಣ್ಯದ ಆ ಕಾರ್ಖಾನೆಯಲ್ಲಿ ಆಫೀಸಿನವರೆಲ್ಲ ಒಂದೇ ಸರ್ವರ್‌ನಲ್ಲಿ ಕೆಲಸ ಮಾಡ್ತಿದ್ದರು. ಗಿರಾಕಿ ಕಳಿಸೋ ಡ್ರಾಯಿಂಗ್ ನೋಡೋಕೆ ಬ್ರೌಸರ್‌ಗೆ ಪ್ಲಗಿನ್ ಅನ್ನೋ ಒಂದು ಚಿಕ್ಕ ಪ್ರೋಗ್ರಾಂ ಹಾಕಬೇಕಿತ್ತು. ಆ ಐಟಿ ಕೆಲಸಕ್ಕೆ ನನ್ನನ್ನ ಕರೆಸಿದ್ದರು. ಡ್ರಾಯಿಂಗ್ ಕಾಣದೆ ಕೆಳಗೆ ಮೆಷಿನ್‌ಗಳು ನಿಂತುಬಿಟ್ಟಿದ್ದವು. ನಾನು ಪ್ಲಗಿನ್ ಹಾಕೋಕೆ ಹೋದಾಗೆಲ್ಲ ಕಂಪ್ಯೂಟರ್‌ದು ಒಂದೇ ಹಟ: ಮೊದಲು ಎಲ್ಲರ ಬ್ರೌಸರ್ ಮುಚ್ಚಿಸಿ.

"ಎಲ್ರೂ ಮುಚ್ಚಿದೀವಿ ಸಾರ್," ಅಂದರು ಸ್ಟೋರ್ಸಿನ ಮಂಜುಳಾ ಮೇಡಂ.

ಸರ್ವರ್‌ನಲ್ಲಿ ಯಾರ್ಯಾರ ಬ್ರೌಸರ್ ತೆರೆದಿದೆ ಅನ್ನೋ ಪಟ್ಟಿ ತೆಗೆದು ನೋಡಿದೆ. "ಗೌಡರದ್ದು ತೆರೆದೇ ಇದೆಯಲ್ಲ ಮೇಡಂ? ಅವರೆಲ್ಲಿ?"

"ಲಗ್ಗೆರೇಲಿ, ಅವರ ಮನೇಲಿ. ರಿಟೈರ್ ಆಗಿ ತಿಂಗಳಾಯ್ತು."

ಕೊನೆಯ ದಿನ ಗೌಡರು ಲಾಗೌಟ್ ಆಗದೆ ಬರೀ ಮಾನಿಟರ್ ಆರಿಸಿ ಮನೆಗೆ ಹೋಗಿದ್ದರು. ಸರ್ವರ್ ಪಾಲಿಗೆ ಅವರಿನ್ನೂ ಡ್ಯೂಟಿಯಲ್ಲೇ ಇದ್ದರು. ನಾನೇ ಮುಚ್ಚಿಬಿಡ್ತೀನಿ ಅಂದೆ. ಮೇಡಂ ಒಪ್ಪಲಿಲ್ಲ. "ಹಿರಿಯರು ಸಾರ್, ಒಂದು ಮಾತು ಕೇಳಿ," ಅಂತ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

"ಮುಚ್ಬೇಡಿ ಕಣ್ರೀ!" ಗೌಡರು ಗಾಬರಿಬಿದ್ದರು. "ಮ್ಯಾನೇಜರಿಗೆ ಒಂದು ಮೇಲ್ ಅರ್ಧ ಬರೆದಿದ್ದೆ. ಮೊದ್ಲು ಅದನ್ನ ಕಳಿಸಿ."

ತೆರೆದು ನೋಡಿದರೆ ಕ್ಯಾಂಟೀನಿನ ಮೇಲೆ ದೂರು. 'ಸಾಂಬಾರಿನಲ್ಲಿ ಬೇಳೆ' ಅನ್ನುವಲ್ಲಿಗೆ ನಿಂತಿತ್ತು.

"ಮುಂದೆ ಏನು ಹಾಕ್ಲಿ ಸಾರ್?"

"'ಕಾಣುತ್ತಿಲ್ಲ' ಅಂತ ಹಾಕಿ, ಸಾಕು."

ಹಾಕಿ ಕಳಿಸಿದೆ, ಬ್ರೌಸರ್ ಮುಚ್ಚಿದೆ. ಪ್ಲಗಿನ್ ಮರುಮಾತಿಲ್ಲದೆ ಕೂತಿತು. ಎಲ್ಲರಿಗೂ ಡ್ರಾಯಿಂಗ್ ಕಾಣಿಸಿ, ಮೆಷಿನ್‌ಗಳ ಸದ್ದೂ ಶುರುವಾಯಿತು. ಅಷ್ಟರಲ್ಲಿ ಇಂಟರ್‌ಕಾಂ ಹೊಡೆದುಕೊಂಡಿತು, ಮೇಡಂ ಎತ್ತಿದರು. ಆ ಮೇಲ್ ಓದಿದ ಮ್ಯಾನೇಜರ್ ಕಿರುಚಿದ್ದು ನನಗೂ ಕೇಳಿಸಿತು: "ಆ ಗೌಡನ್ನ ಈಗಿಂದೀಗ್ಲೇ ನನ್ನ ಕ್ಯಾಬಿನ್‌ಗೆ ಕಳಿಸ್ರೀ!"

ಮೇಡಂ ರಿಸೀವರ್ ಹಿಡಿದು ನನ್ನ ಮುಖ ನೋಡಿದರು. ಅದು ಐಟಿಯವರ ಕೆಲಸ ಅಲ್ಲ ಅಂತ ಹೇಳಿ ನಾನು ಬ್ಯಾಗ್ ಎತ್ತಿಕೊಂಡೆ.